ಜಾಣ ಮಗನಿಗೆ ಗುಂಪಿನ ಕೆಲಸವೇ ಬೇಡ

ಬೆಳಗಾವಿಯ ತಾಯಿ, ಡಲ್ಲಾಸ್:
ಎಲ್ಲರಿಗೂ ಶರಣು. ನನ್ನ ಹತ್ತು ವರ್ಷದ ಮಗ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಆಯ್ಕೆಯಾಗಿದ್ದಾನೆ. ಕಳೆದ ವಾರ ಪ್ರಾಜೆಕ್ಟ್‌ಗಾಗಿ ಉಳಿದ ಮೂವರು ಬರೆದಿದ್ದನ್ನೆಲ್ಲ ಅಳಿಸಿ, ರಾತ್ರಿಯಿಡೀ ಕುಳಿತು ತಾನೊಬ್ಬನೇ ಬರೆದು ಮುಗಿಸಿದನು. ಅವರ ತಪ್ಪಿಗೆ ತನ್ನ ಅಂಕ ಹೋಗುತ್ತದೆಯಂತೆ. ಇದೇ ಹುಡುಗ ಡಬ್ಬಿ ತರದ ಗೆಳೆಯನಿಗೆ ತನ್ನ ಚಪಾತಿಯನ್ನೆಲ್ಲ ಕೊಟ್ಟು ಹಸಿದು ಮನೆಗೆ ಬರುತ್ತಾನೆ. ಇವನನ್ನು ಸ್ವಾರ್ಥಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಏನು ಮಾಡಲಿ?

ಬಾಗಲಕೋಟೆಯ ಶಿಕ್ಷಕಿ, ಆಸ್ಟಿನ್:
ಅಕ್ಕಾ, ಕೊಡುವ ಗುಣ ಬೇರೆ, ಕೂಡಿ ದುಡಿಯುವ ರೂಢಿ ಬೇರೆ. ಮೊದಲನೆಯದು ನಿಮ್ಮ ಮಗನಲ್ಲಿದೆ, ಎರಡನೆಯದನ್ನು ಕಲಿಸಬೇಕು. 1971ರಲ್ಲಿ ಇದೇ ಆಸ್ಟಿನ್ ನಗರದ ಶಾಲೆಗಳಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಜಿಗ್‌ಸಾ ಪದ್ಧತಿಯನ್ನು ಆರಂಭಿಸಿದರು. ಪಾಠದ ಒಂದೊಂದು ತುಂಡು ಒಂದೊಂದು ಮಗುವಿನ ಕೈಯಲ್ಲಿರುವುದರಿಂದ, ಉಳಿದವರ ಮಾತನ್ನು ಕೇಳಿಸಿಕೊಳ್ಳದೆ ಎಷ್ಟೇ ಜಾಣನಾದರೂ ಪಾಠ ಪೂರ್ತಿಯಾಗುವುದಿಲ್ಲ. ಕೆಲಸವನ್ನು ಹಾಗೆ ಹಂಚಿ, ಅಂಕವನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೊಡುವಿರಾ ಎಂದು ಶಿಕ್ಷಕರನ್ನು ಕೇಳಿರಿ.

ವಿಜಯಪುರದ ಹಿರಿಯರು, ನ್ಯೂಜೆರ್ಸಿ:
ತಂಗಿ, ಪದ್ಧತಿಯೇ ಬೇಕಿದ್ದರೆ ನಮ್ಮ ಮುಯ್ಯಾಳು ಸಾಲದೇ? ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಾವು ಒಂದೇ ಕೋಣೆಯಲ್ಲಿ ಎಂಟು ಹುಡುಗರಿದ್ದೆವು. ಗಣಿತ ಬಲ್ಲವನು ಉಳಿದ ಏಳು ಜನರಿಗೆ ಹೇಳಿಕೊಡದೆ ಮಲಗುತ್ತಿರಲಿಲ್ಲ. ಜಾಣರನ್ನು ಆರಿಸಿ ಬೇರೆ ಕೂಡಿಸುವುದೇ ದೋಷ. ಮಗನನ್ನು ಆ ತರಗತಿಯಿಂದ ಬಿಡಿಸಿ, ಬಿಳಿಜೋಳದ ಸುಗ್ಗಿಗೆ ಊರಿಗೆ ಕರೆದುಕೊಂಡು ಹೋಗು.

ಗೋಕಾಕಿನ ಅಭಿಯಂತರ, ಲಂಡನ್:
ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. 1916ರಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿದ್ದರಿಂದಲೇ ಬೆಳಗಾವಿಯಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಹುಟ್ಟಿತು, ಇಂದಿಗೂ ಅವರನ್ನು ಸಪ್ತರ್ಷಿಗಳೆನ್ನುತ್ತೇವೆ. ನನ್ನ ಮಗಳಿಗೆ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಮೊದಲ ಸ್ಥಾನವೇ ಬರಲೆಂದು ಹಟ ಹಿಡಿದವನು ನಾನು. ಈಗ ಅವಳು ಒಡಹುಟ್ಟಿದ ತಮ್ಮನಿಗೂ ಫೋನ್ ಮಾಡುವುದಿಲ್ಲ.

ಬಾಗಲಕೋಟೆಯ ಶಿಕ್ಷಕಿ, ಆಸ್ಟಿನ್:
ಆ ಏಳೂ ಜನರು ಶಿಕ್ಷಕರೇ ಆಗಿದ್ದರು, ಅಣ್ಣಾ. ತನ್ನ ಸಮಾನರು ಸಿಕ್ಕಾಗ ಜಾಣ ಮಗು ಇನ್ನೊಬ್ಬರ ಮೇಲೆ ನಂಬಿಕೆ ಇಡುವುದನ್ನು ಕಲಿಯಬಹುದು. ಆದ್ದರಿಂದ ತರಗತಿ ಬಿಡಿಸುವುದನ್ನು ನಾನು ಒಪ್ಪುವುದಿಲ್ಲ. ಎಂಟು ಹುಡುಗರ ಕೋಣೆಯಲ್ಲಿ ಗಣಿತ ಬಲ್ಲವನಿಗೆ ಉಳಿದವರು ಏನನ್ನು ಕಲಿಸಿದರೆಂಬುದನ್ನು ಕಾಕಾ ಹೇಳಲಿಲ್ಲ.

ವಿಜಯಪುರದ ಹಿರಿಯರು, ನ್ಯೂಜೆರ್ಸಿ:
ರೊಟ್ಟಿ ಬಡಿಯುವುದನ್ನು ಕಲಿಸಿದರು. ಆ ಗಣಿತದವನು ನಾನೇ.

ಬೆಳಗಾವಿಯ ತಾಯಿ, ಡಲ್ಲಾಸ್:
ಶಿಕ್ಷಕರಿಗೆ ಪತ್ರ ಬರೆದಿದ್ದೇನೆ. ಅಳಿಸಿದ್ದಕ್ಕಾಗಿ ಮೂವರ ಕ್ಷಮೆ ಕೇಳಲು ಮಗ ಒಪ್ಪಿದ್ದಾನೆ, ಆದರೆ ಅವರು ಬರೆದಿದ್ದು ತಪ್ಪೇ ಆಗಿತ್ತೆಂದು ಈಗಲೂ ಹೇಳುತ್ತಾನೆ. ಕಾಕಾ, ಸುಗ್ಗಿ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತದೆ; ಇಲ್ಲಿ ದೊಡ್ಡ ರಜೆ ಜೂನ್‌ನಲ್ಲಿ.

ವಿಜಯಪುರದ ಹಿರಿಯರು, ನ್ಯೂಜೆರ್ಸಿ:
ಒಂದು ವಾರ ಶಾಲೆ ತಪ್ಪಿದರೆ ಏನಾಗುತ್ತದೆ, ತಂಗಿ?