ಚಿಂಚಿಲ್ಲಾದ ತುಪ್ಪಳ ಅಂಟಂಟಾಗುತ್ತಿದೆ, ಮರಳು ಸ್ನಾನ ಸಾಲದೇ?

ಪ್ರಶ್ನೆ: ನಮ್ಮ ಎರಡು ವರ್ಷದ ಚಿಂಚಿಲ್ಲಾದ (ದಟ್ಟ ತುಪ್ಪಳದ, ಇಲಿಯಂತಹ ಸಣ್ಣ ಸಾಕುಪ್ರಾಣಿ) ಬಾಲದ ಬುಡದಲ್ಲಿ ತುಪ್ಪಳವು ಎಣ್ಣೆ ಹಚ್ಚಿದಂತೆ ಎಳೆ ಎಳೆಯಾಗಿ ಅಂಟಿಕೊಂಡಿದೆ. ಜರಡಿ ಹಿಡಿದ ಮರಳಿನಲ್ಲಿ ದಿನವೂ ಹೊರಳಾಡಿಸಿದರೂ ಪ್ರಯೋಜನವಾಗಿಲ್ಲ. ನೀರಿನಲ್ಲಿ ತೊಳೆಯಬಹುದೇ?

ಉತ್ತರ 1: ದಯವಿಟ್ಟು ನೀರು ಸೋಕಿಸಬೇಡಿ. ಒಂದೇ ರೋಮಕೂಪದಿಂದ 50ಕ್ಕೂ ಹೆಚ್ಚು ಕೂದಲು ಹೊರಡುವಷ್ಟು ದಟ್ಟವಾದ ಈ ತುಪ್ಪಳವು ಒಮ್ಮೆ ನೆನೆದರೆ ಬುಡದವರೆಗೆ ಬೇಗ ಒಣಗುವುದಿಲ್ಲ. ಪ್ರಾಣಿಗೆ ಚಳಿ ಹಿಡಿಯುವುದಲ್ಲದೆ ಚರ್ಮಕ್ಕೆ ಶಿಲೀಂಧ್ರದ ಸೋಂಕು ತಗಲುವ ಅಪಾಯವೂ ಇದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಒಣ ಇಳಿಜಾರಿನ ಈ ಜೀವಕ್ಕೆ ಬೇಕಿರುವುದು ಮರಳಲ್ಲ. ಚಿಂಚಿಲ್ಲಾಗೆಂದೇ ಮಾರುವ, ಬೆರಳುಗಳ ನಡುವೆ ಉಜ್ಜಿದರೆ ಮೈದಾಹಿಟ್ಟಿನಷ್ಟು ನುಣುಪಾದ, ಜ್ವಾಲಾಮುಖಿ ಬೂದಿಯಂತಹ ಧೂಳು. ಅದು ಬುಡಕ್ಕಿಳಿದು ಜಿಡ್ಡನ್ನು ಹೀರುತ್ತದೆ.

ಉತ್ತರ 2: ಧೂಳಿನ ಸ್ನಾನ ವಾರಕ್ಕೆ 2–3 ಸಲ, ಪ್ರತಿ ಸಲ 10–15 ನಿಮಿಷ ಸಾಕು. ನಾನೂ ಮೊದಲು ಧೂಳಿನ ಬಟ್ಟಲನ್ನು ಗೂಡಿನಲ್ಲೇ ಬಿಟ್ಟಿದ್ದೆ. ನಮ್ಮ ಚಿಂಚಿಲ್ಲಾ ಅದರಲ್ಲೇ ಮೂತ್ರ ಮಾಡಿತು, ಕಿವಿಯ ಚರ್ಮ ಒಣಗಿ ಹೊಟ್ಟೆದ್ದಿತು, ಕಣ್ಣೂ ಕೆಂಪಾಯಿತು. ಕೋಣೆಯ ತೇವಾಂಶವನ್ನೂ ಕಡಿಮೆ ಮಾಡಿ.

ಪ್ರಶ್ನೆ ಕೇಳಿದವರು: ಧೂಳು ಬದಲಿಸಿ ಎರಡು ವಾರವಾಯಿತು. ಊದಿದರೆ ಕೂದಲು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತಿದೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.