ಪ್ರಾಧ್ಯಾಪಕರನ್ನೇ ಕೇಳೋಣ

“ಈ ಸ್ವೀಡನ್ ದೇಶದಲ್ಲಿ ಮಂತ್ರಿಯೊಬ್ಬರು ಸೀನಿದರೂ ಸಾಕು, ಅದು ಬರಿಯ ನೆಗಡಿಯೋ ರಾಜೀನಾಮೆಯ ಮುನ್ಸೂಚನೆಯೋ ಎಂದು ವಿವರಿಸಲು ಅರ್ಧ ಗಂಟೆಯೊಳಗೆ ರಾಜ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಟಿವಿಯಲ್ಲಿ ಹಾಜರಾಗುತ್ತಾರೆ,” ಎಂದು ಶಾಮಣ್ಣ ಘೋಷಿಸಿದರು. ಸ್ಟಾಕ್‌ಹೋಮಿನ ಕಿಸ್ತಾದ ಆ ಮನೆಯಲ್ಲಿ ಯಾರೂ ಅದಕ್ಕೆ ತಲೆಯೆತ್ತಲಿಲ್ಲ, ಏಕೆಂದರೆ ಟಿವಿಯಲ್ಲಿ ಪ್ರಾಧ್ಯಾಪಕರು ಆಗಲೇ ಹಾಜರಿದ್ದರು. ಪುಸ್ತಕದ ಕಪಾಟಿನ ಮುಂದೆ ಕುಳಿತು, ಈಗಲೇ ಏನನ್ನೂ ಹೇಳುವುದು ಕಷ್ಟವೆಂದೂ ಆದರೂ ಪರಿಸ್ಥಿತಿ ಕುತೂಹಲಕರವಾಗಿದೆಯೆಂದೂ ಅವರು ತಿಳಿಸುತ್ತಿದ್ದರು.

“ವಿದ್ವಾಂಸರು ಅಳೆದು ತೂಗಿಯೇ ಮಾತನಾಡಬೇಕಲ್ಲವೇ?” ಎಂದ ಗಿರೀಶ.

“ಅಳೆಯಲಿ, ತೂಗಲಿ, ನನ್ನ ತಕರಾರಿಲ್ಲ. ಆದರೆ ನಾಳೆ ಸರ್ಕಾರ ಬಿದ್ದರೂ ಇವರ ಮಾತು ನಿಜವಾಗುತ್ತದೆ, ಬೀಳದಿದ್ದರೂ ನಿಜವಾಗುತ್ತದೆ. ನಮ್ಮೂರಿನ ಜೋಯಿಸರಾದರೂ ಮಗು ಗಂಡೋ ಹೆಣ್ಣೋ ಎಂದು ಒಂದು ಕಡೆಗೆ ವಾಲುತ್ತಿದ್ದರು.”

ವಿಮಲಕ್ಕ ಪ್ರಾಧ್ಯಾಪಕರ ಪರ ವಹಿಸಿದರು. “ಅವರಿಲ್ಲದಿದ್ದರೆ ಇಲ್ಲಿಯ ರಾಜಕೀಯ ನಮಗೆ ತಿಳಿಯುತ್ತಿತ್ತೇ, ಶಾಮಣ್ಣ? 2021ರ ನವೆಂಬರ್ 24ನ್ನು ನೆನೆಸಿಕೊಳ್ಳಿ. ಸಂಸತ್ತಿನಲ್ಲಿ ಮ್ಯಾಗ್ಡಲೆನಾ ಆಂಡರ್ಸನ್ ಅವರ ಪರವಾಗಿ 117 ಮತಗಳು ಬಿದ್ದವು, ವಿರುದ್ಧವಾಗಿ 174 ಬಿದ್ದವು, ಆದರೂ ಅವರೇ ಪ್ರಧಾನಿಯಾಗಿ ಆಯ್ಕೆಯಾದರು. ಅದೇ ದಿನ ಅವರ ಬಜೆಟ್ಟು ಸೋತಿತು, ಪಾಲುದಾರ ಹಸಿರು ಪಕ್ಷ ಹೊರನಡೆಯಿತು, ಏಳು ಗಂಟೆ ಕಳೆಯುವಷ್ಟರಲ್ಲಿ ರಾಜೀನಾಮೆಯೂ ಆಯಿತು. ಐದು ದಿನಗಳ ನಂತರ ಮತ್ತೆ ಅವರನ್ನೇ ಆರಿಸಿದರು. ನಾನಂತೂ ಟಿವಿ ಕೆಟ್ಟಿದೆಯೆಂದೇ ತಿಳಿದಿದ್ದೆ.”

“ಅದರಲ್ಲಿ ಗೊಂದಲವೇನಿಲ್ಲ,” ಎಂದ ಗಿರೀಶ. “ಇಲ್ಲಿ ಪ್ರಧಾನಿಯಾಗಲು ಬಹುಮತದ ಬೆಂಬಲ ಬೇಕಾಗಿಲ್ಲ, ಬಹುಮತದ ವಿರೋಧ ಇಲ್ಲದಿದ್ದರೆ ಸಾಕು. ತಡೆಯಬೇಕಾದರೆ 349 ಸದಸ್ಯರಲ್ಲಿ 175 ಮಂದಿ ಬೇಡವೆನ್ನಬೇಕು. ಒಂದು ಮತ ಕಡಿಮೆಯಾಯಿತು, ಅಷ್ಟೇ.”

ಶಾಮಣ್ಣನವರ ಮುಖ ಅರಳಿತು. “ಹಾಗಾದರೆ ಪ್ರಾಧ್ಯಾಪಕರೂ ಅದೇ ನಿಯಮದ ಮೇಲೆಯೇ ನಡೆಯುತ್ತಿದ್ದಾರೆ! ಅವರ ಅಭಿಪ್ರಾಯವನ್ನು ಯಾರೂ ಒಪ್ಪಬೇಕಾಗಿಲ್ಲ, 175 ಮಂದಿ ಎದ್ದು ನಿಂತು ಅಲ್ಲಗಳೆಯದಿದ್ದರೆ ಸಾಕು. ಅಲ್ಲಗಳೆಯುವುದಕ್ಕೆ ಅದರಲ್ಲಿ ಏನಾದರೂ ಇರಬೇಕಲ್ಲ! 2018ರ ಚುನಾವಣೆಯ ಬಳಿಕ ಸರ್ಕಾರ ರಚಿಸಲು 134 ದಿನ ಹಿಡಿಯಿತು. ಅದರಲ್ಲಿ ಬಹುಪಾಲು ದಿನ ದೇಶಕ್ಕೆ ಹಂಗಾಮಿ ಪ್ರಧಾನಿ ಇದ್ದರು, ಟಿವಿಗೆ ಮಾತ್ರ ಖಾಯಂ ಪ್ರಾಧ್ಯಾಪಕರಿದ್ದರು.”

“ಅದು ಅವರ ಕರ್ತವ್ಯ,” ಎಂದು ಗಿರೀಶ ಪಟ್ಟು ಬಿಡಲಿಲ್ಲ. “ವಿಶ್ವವಿದ್ಯಾಲಯಗಳು ಪಾಠ, ಸಂಶೋಧನೆಗಳ ಜೊತೆಗೆ ಸಮಾಜದೊಂದಿಗೂ ಒಡನಾಡಬೇಕೆಂದು ಇಲ್ಲಿಯ ಕಾನೂನೇ ಹೇಳುತ್ತದೆ.”

“ಕಾನೂನು ಮೊನ್ನೆ ಮೊನ್ನೆಯದಪ್ಪ. ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಅದರ ಕುಲಪತಿ ಯೋಹಾನ್ ಸ್ಕಿಟ್ಟೆ 1622ರಲ್ಲಿಯೇ ಒಂದು ಪ್ರಾಧ್ಯಾಪಕ ಪೀಠ ಸ್ಥಾಪಿಸಿದ. ಜಗತ್ತಿನ ಅತಿ ಹಳೆಯ ರಾಜ್ಯಶಾಸ್ತ್ರ ಪೀಠಗಳಲ್ಲಿ ಅದೂ ಒಂದು. ಅದರ ಹೆಸರಿನಲ್ಲಿ ವಾಗ್ಮಿತೆ ಮೊದಲು, ರಾಜ್ಯಶಾಸ್ತ್ರ ಆಮೇಲೆ. ಟಿವಿ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ಅದಕ್ಕೆ ಬೇಕಾದ ಮನುಷ್ಯನನ್ನು ತಯಾರಿಸಿ ಕೂರಿಸಿದ ಪುಣ್ಯಾತ್ಮ!”

ನಗು ತಣಿದ ಮೇಲೆ ಶಾಮಣ್ಣ ತಾವಾಗಿಯೇ ಹರ್ಬರ್ಟ್ ಟಿಂಗ್‌ಸ್ಟೆನ್ ಅವರ ಮಾತೆತ್ತಿದರು. ಸ್ಟಾಕ್‌ಹೋಮಿನಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1946ರಲ್ಲಿ ‘ಡಾಗೆನ್ಸ್ ನೀಹೇಟರ್’ ಪತ್ರಿಕೆಯ ಪ್ರಧಾನ ಸಂಪಾದಕರಾಗಿ, 1959ರವರೆಗೆ ಆ ಕುರ್ಚಿಯಲ್ಲಿದ್ದರು. ತಟಸ್ಥ ನೀತಿಯನ್ನು ದೇಶ ಕುಲದೇವರಂತೆ ಪೂಜಿಸುತ್ತಿದ್ದ ಕಾಲದಲ್ಲಿ, ಸ್ವೀಡನ್ ನ್ಯಾಟೋ ಸೇರಬೇಕೆಂದು ಅವರು ಬಿಡದೆ ಬರೆದರು. ಯಾರೂ ಕಿವಿಗೊಡಲಿಲ್ಲ. 1973ರಲ್ಲಿ ಅವರು ತೀರಿಕೊಂಡರು; ದೇಶ ನ್ಯಾಟೋ ಸೇರಿದ್ದು 2024ರ ಮಾರ್ಚಿನಲ್ಲಿ.

“ಅವರು ಹೇಳಿದ್ದು ಸರಿಯಾಗಿತ್ತು ಎನ್ನುತ್ತೀರಾ?” ಎಂದು ಗಿರೀಶ ಕೆಣಕಿದ.

“ಸರಿಯೋ ತಪ್ಪೋ, ಅದು ಬೇರೆ ಜಗಳ. ಆ ಮನುಷ್ಯ ಬದುಕಿನಲ್ಲಿ ಬಲಪಂಥದಿಂದ ಸಮಾಜವಾದಕ್ಕೆ, ಅಲ್ಲಿಂದ ಉದಾರವಾದಕ್ಕೆ ಹಾರಿದವರು. ಆದರೆ ನಿಂತ ಕಡೆಯಲ್ಲಿ ನಿಂತಿದ್ದೇನೆಂದು ಕೂಗಿ ಹೇಳುತ್ತಿದ್ದರು. ಅವರೊಂದಿಗೆ ಜಗಳವಾಡಬಹುದಿತ್ತು. ಇವರೊಂದಿಗೆ ಹೇಗೆ ಆಡುತ್ತೀಯ?”

ವಿಮಲಕ್ಕ ಮಾತ್ರ 2022ರ ಚುನಾವಣೆಯ ರಾತ್ರಿಯನ್ನು ಮರೆತಿರಲಿಲ್ಲ. ಸಂಜೆ ಎಂಟಕ್ಕೆ ಮತಗಟ್ಟೆ ಸಮೀಕ್ಷೆ ಎಡಬಣಕ್ಕೆ ಕೂದಲೆಳೆಯ ಮುನ್ನಡೆ ಕೊಟ್ಟಿತ್ತು. ಎಣಿಕೆ ಸಾಗಿದಂತೆ ಅದು ಮಗುಚಿಕೊಂಡಿತು. ಕೊನೆಗೆ ಬಲಬಣಕ್ಕೆ 176 ಸ್ಥಾನ, ಎಡಬಣಕ್ಕೆ 173. “ಎಂಟು ಗಂಟೆಗೆ ಹೇಳಿದ ಕಾರಣಗಳಿಗೆಲ್ಲ ಅಪರಾತ್ರಿಯಲ್ಲಿ ತದ್ವಿರುದ್ಧ ಕಾರಣ ಹುಡುಕಬೇಕಾದವರ ಕಷ್ಟ ನಿಮಗೇನು ಗೊತ್ತು? ‘ನನಗೆ ಗೊತ್ತಿಲ್ಲ, ಎಣಿಕೆ ಮುಗಿಯಲಿ’ ಎಂದುಬಿಡಬೇಕೆಂದು ಅವರಿಗೂ ಅನ್ನಿಸಿರುತ್ತದೆ.”

“ಹಾಗೆಂದರೆ ಮತ್ತೆ ಫೋನು ಬರುವುದಿಲ್ಲ, ವಿಮಲಾ,” ಎಂದರು ಶಾಮಣ್ಣ. ಅವರ ದನಿಯಲ್ಲಿ ಆಗ ಗೇಲಿ ಇರಲಿಲ್ಲ. “ಗೊತ್ತಿಲ್ಲವೆಂಬುದನ್ನು ನಾಲ್ಕು ನಿಮಿಷ ಹೇಳಬಲ್ಲವರಿಗೆ ಮಾತ್ರ ಫೋನು ಬರುತ್ತದೆ. ಇಡೀ ಆಯುಷ್ಯ ಓದಿದವರನ್ನು ಕರೆಸಿ, ನಾಳೆ ಏನಾಗುತ್ತದೆಂದು ಮಾತ್ರ ಕೇಳುತ್ತಾರೆ. ಪಾಪ, ಅವರು ಓದಿದ್ದೆಲ್ಲ ನಿನ್ನೆಯದು.”

“ಅದಿರಲಿ, ಮುಂದಿನ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ? ನೀವೇ ಹೇಳಿ ನೋಡೋಣ,” ಎಂದ ಗಿರೀಶ.

“ಎಡಬಣ. 175ಕ್ಕೆ 174. ಬರೆದಿಟ್ಟುಕೋ.”

“ತಪ್ಪಾದರೆ?”

“ತಪ್ಪಾಯಿತು ಎನ್ನುತ್ತೇನೆ. ಅದಕ್ಕೇ ನನ್ನನ್ನು ಯಾರೂ ಟಿವಿಗೆ ಕರೆಯುವುದಿಲ್ಲ.”