ಸಹಾಯ ಬೇಕು: ಮೈಸೂರಿನಲ್ಲಿ 5 ವರ್ಷದ ಅಕೌಂಟ್ಸ್ ಅನುಭವಕ್ಕೆ ಎಷ್ಟು ಸಂಬಳ ಸರಿ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಖಾಸಗಿ ಕಂಪನಿಯಲ್ಲಿ 5 ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್ ಎಲ್ಲ ನನ್ನದೇ. ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) ತಿಂಗಳಿಗೆ 30,000. ಆದರೆ ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ 721 ಅದರಲ್ಲೇ ಸೇರಿವೆ. ನನ್ನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 25,479.

ಈಗಷ್ಟೇ ಸೇರಿದ ಹುಡುಗನಿಗೆ ಕೆಲಸ ಕಲಿಸುತ್ತಿರುವುದು ನಾನೇ. ಅವನ ಸಿಟಿಸಿ 28,000 ಅಂತ ಗೊತ್ತಾಯಿತು. ಅವನ ಮೇಲೆ ಸಿಟ್ಟಿಲ್ಲ, ಆದರೆ ತುಂಬಾ ಬೇಜಾರಾಯಿತು.

ನೆಟ್‌ನಲ್ಲಿ ಹುಡುಕಿದರೆ ಬರೀ ಬಿಲ್ ಹಾಕುವವರೂ ಅಕೌಂಟೆಂಟ್, ರಿಟರ್ನ್ ಸಲ್ಲಿಸುವವರೂ ಅಕೌಂಟೆಂಟ್. ಹೋಲಿಸೋದು ಹೇಗೆ? ಇದೇ ಕೆಲಸ ಮಾಡುವವರು ನಿಮ್ಮ ಊರು, ಅನುಭವ, ಕೈಗೆ ಬರುವ ಸಂಬಳ ತಿಳಿಸುತ್ತೀರಾ? ಕಂಪನಿ ಹೆಸರು ಬೇಡ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಮಾತುಕತೆ ಇದೆ, ಎಷ್ಟು ಕೇಳಲಿ?